ಭಾನುವಾರ ಮನೆ ನೋಡಲು ಬರುವವರು

ಮನೆ ಮಾರಿಸುವ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗಿಯೊಬ್ಬಳು ಮೊನ್ನೆ ನನ್ನನ್ನು ಹುಡುಕಿಕೊಂಡು ಬಂದಿದ್ದಳು. ಮಾರ್ಕೆಟ್ ಡಲ್ ಆಗಿದೆ ಅಜ್ಜಿ, ಜನ ಬರ್ತಾರೆ, ನೋಡ್ತಾರೆ, ಹೋಗ್ತಾರೆ, ಆಮೇಲೆ ಫೋನೇ ಎತ್ತಲ್ಲ, ಏನು ಮಾಡ್ಲಿ ಅಂತ ಕೇಳಿದಳು. ಬರೆದು ಕಳಿಸ್ತೀನಿ ಹೋಗಮ್ಮ ಅಂದೆ. ಬಾಯಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ಕನ್ನಡ ಒತ್ತುವುದನ್ನು ಆಗಷ್ಟೇ ಕಲಿತಿದ್ದೆ, ಕಲಿತದ್ದನ್ನು ಯಾರ ಮೇಲಾದರೂ ಪ್ರಯೋಗ ಮಾಡಬೇಕಿತ್ತು. ಅವಳಂಥ ಇನ್ನೂ ನಾಲ್ಕು ಜನ ಓದಿದರೆ ಓದಲಿ.

ಬಸವನಗುಡಿ, ಶಂಕರಪುರಂ, ಚಾಮರಾಜಪೇಟೆ, ಇಷ್ಟೇ ನನ್ನ ರಾಜ್ಯ. ಯಾರಾದರೂ ತುಂಬಾ ಬಲವಂತ ಮಾಡಿದರೆ ಮಲ್ಲೇಶ್ವರಕ್ಕೆ ಹೋಗುತ್ತಿದ್ದೆ, ವಿದೇಶ ಪ್ರವಾಸಕ್ಕೆ ಹೋದ ಹಾಗೆ. ನಮ್ಮವರು ತೀರಿಕೊಂಡ ಮೇಲೆ ಈ ಕೆಲಸಕ್ಕೆ ಬಂದೆ. ಆಗ ನಮ್ಮ ಕಡೆ ಹೆಂಗಸರು ಬ್ರೋಕರ್ ಕೆಲಸ ಮಾಡುತ್ತಿರಲಿಲ್ಲ, ಮದುವೆ ಮಾಡಿಸುತ್ತಿದ್ದರು. ಎರಡೂ ಒಂದೇ ಅಂತ ಧೈರ್ಯ ಹೇಳಿದವರು ಸೀತಾರಾಮಯ್ಯನವರು. ಗಾಂಧಿ ಬಜಾರಿನ ಒಂದು ಹೋಟೆಲಿನ ಮೂಲೆಯ ಟೇಬಲ್ಲೇ ಅವರ ಆಫೀಸು. ಅಲ್ಲಿಂದ ಏಳದೆ ಯಾವ ಬೀದಿಯಲ್ಲಿ ಯಾರ ಮನೆ ಮಾರಾಟಕ್ಕಿದೆ ಅಂತ ಅವರಿಗೆ ತಿಳಿಯುತ್ತಿತ್ತು. ಹೂವಿನವಳು ಹೇಳುತ್ತಿದ್ದಳು, ಹಾಲಿನವನು ಹೇಳುತ್ತಿದ್ದ, ಕೊನೆಗೆ ಮಾಲೀಕರು ಹೇಳುತ್ತಿದ್ದರು.

ಮೊದಲ ದಿನವೇ ಅವರ ಕೈಯಲ್ಲಿ ಬೈಸಿಕೊಂಡೆ. ಒಬ್ಬ ಗಿರಾಕಿ ಹೆಂಗಸಿಗೆ ಮನೆ ತೋರಿಸುತ್ತಾ ಅಡುಗೆಮನೆ ಎಷ್ಟು ಚೆನ್ನಾಗಿದೆ ನೋಡಿ ಅಂತ ವರ್ಣಿಸಿದ್ದೆ. ಹೊರಗೆ ಬಂದ ಮೇಲೆ ಅವರು ಎಲೆ ಅಡಿಕೆ ಉಗಿದು ಹೇಳಿದರು. "ಚೆನ್ನಾಗಿದೆ ಅಂತ ನೀನು ಅಂದ ತಕ್ಷಣ ಆಯಮ್ಮ ಏನ್ ಚೆನ್ನಾಗಿಲ್ಲ ಅಂತ ಹುಡುಕಕ್ಕೆ ಶುರು ಮಾಡಿದ್ಲು. ಬಾಗಿಲು ತೆಗಿ, ಕಿಟಕಿ ತೆಗಿ, ಬಾಯಿ ಮುಚ್ಕೊಂಡಿರು."

ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪಾಠ ಇಲ್ಲ. ನನ್ನಂಥ ಬಾಯಿಬಡುಕಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯೂ ಇರಲಿಲ್ಲ.

ಮಂದ ಮಾರುಕಟ್ಟೆಯಲ್ಲಿ ಮನೆ ಮಾರುವುದು ಹೇಗೆ ಅಂತ ನಾನು ಪೂರ್ತಿ ಕಲಿತದ್ದು ಕೆಲಸ ಬಿಡುವ ಸ್ವಲ್ಪ ಮುಂಚೆ, ಒಂದೇ ಒಂದು ಮನೆಯಿಂದ. ಶಂಕರಪುರಂನ ಹಳೆಯ ಮನೆ ಅದು. ಮುಂದೆ ಜಗಲಿ, ಹಿಂದೆ ಹಿತ್ತಲು, ಹಿತ್ತಲಿಗೆ ಇಳಿದು ಹೋಗಬೇಕಾದ ಬಚ್ಚಲು. ಮಾಲೀಕರು ಅಣ್ಣತಮ್ಮಂದಿರು. ಅಣ್ಣ ವೀರಭದ್ರಪ್ಪನವರು ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು. ಮಕ್ಕಳಿಲ್ಲ. ಹೆಂಡತಿ ಹೋದ ಮೇಲೆ ಅಂಗಡಿ ಮುಚ್ಚಿ ಆ ಮನೆಯಲ್ಲಿ ಒಬ್ಬರೇ ಇದ್ದರು. ತಮ್ಮ ಷಡಕ್ಷರಿ ಎಷ್ಟೋ ವರ್ಷದ ಹಿಂದೆಯೇ ಬೇರೆಯಾಗಿ ಓಕಳಿಪುರಂನಲ್ಲಿ ರೈಲು ಹಳಿಯ ಪಕ್ಕದ ಬಾಡಿಗೆ ಮನೆಯಲ್ಲಿದ್ದ, ಮೂರನೇ ಮಹಡಿ, ಲಿಫ್ಟ್ ಇಲ್ಲ. ಅವನ ಹೆಂಡತಿ ನಿರ್ಮಲಾಗೆ ಸೊಂಟದ ಆಪರೇಷನ್ ಆಗಿತ್ತು. ಇಳಿದರೆ ಹತ್ತಲು ಆಗದು ಅಂತ ಆಕೆ ಇಳಿಯುವುದನ್ನೇ ಬಿಟ್ಟಿದ್ದಳು. ಮನೆ ಮಾರಿ ಬರುವ ಪಾಲಿನಲ್ಲಿ ನೆಲದಂತಸ್ತಿನಲ್ಲೊಂದು ಪುಟ್ಟ ಫ್ಲಾಟ್ ತೆಗೆದುಕೊಳ್ಳಬೇಕು, ಹೆಂಡತಿ ಮತ್ತೆ ಬೀದಿಯಲ್ಲಿ ಓಡಾಡಬೇಕು, ಷಡಕ್ಷರಿಗೆ ಬೇಕಾದದ್ದು ಇಷ್ಟೇ. ಅಣ್ಣನೂ ಆಗಲಿ ಮಾರೋಣ ಅಂದಿದ್ದರು.

ಕಾಗದ ಪತ್ರ ಎಲ್ಲ ಸರಿಯಿತ್ತು. ಇದನ್ನು ಮೊದಲು ನೋಡಿಕೊಳ್ಳಿ. ಭರಾಟೆಯ ಕಾಲದಲ್ಲಿ ಗಿರಾಕಿ ಕಾಗದ ತಿರುವಿ ಹಾಕುವ ಮುಂಚೆ ಅಡ್ವಾನ್ಸ್ ಕೊಟ್ಟುಬಿಡುತ್ತಾನೆ, ಮಂದ ಕಾಲದಲ್ಲಿ ಅವನಿಗೆ ಬಿಡುವು ಜಾಸ್ತಿ, ಒಂದೊಂದು ಸಾಲೂ ಓದುತ್ತಾನೆ. ಖಾತೆ ತೀರಿಕೊಂಡ ತಂದೆಯ ಹೆಸರಿನಲ್ಲೇ ಇದೆಯಾ, ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ ಬೇಕಾ, ಕಂದಾಯ ಕಟ್ಟಿದೆಯಾ, ಇವನ್ನೆಲ್ಲ ಗಿರಾಕಿ ಕೇಳುವ ಮುಂಚೆ ನೀವು ಕೇಳಿ. ಮಲ್ಲೇಶ್ವರದಲ್ಲಿ ಒಂದು ಮನೆಗೆ ಹೀಗೇ ಎಲ್ಲ ಮಾತಾಗಿ, ರಿಜಿಸ್ಟ್ರಿಗೆ ಹೊರಡುವ ಹೊತ್ತಿಗೆ ಯಾರಿಗೂ ನೆನಪಿಲ್ಲದ ಒಬ್ಬ ಅತ್ತೆ ದಾವಣಗೆರೆಯಿಂದ ಫೋನ್ ಮಾಡಿದರು. ತಾವಿನ್ನೂ ಬದುಕಿರುವುದಾಗಿ ತಿಳಿಸಿದರು, ಅಷ್ಟೇ. ಗಿರಾಕಿ ಓಡಿಹೋದ.

ಬೆಲೆಯ ವಿಷಯ. ಎಲ್ಲ ಮಾಲೀಕರ ತಲೆಯಲ್ಲೂ ಪಕ್ಕದ ಮನೆ ಒಳ್ಳೇ ಕಾಲದಲ್ಲಿ ಹೋದ ಬೆಲೆ ಕೂತಿರುತ್ತದೆ. ಅದನ್ನು ಇಳಿಸುವುದಾದರೆ ಒಂದೇ ಸಲ ಇಳಿಸಿಬಿಡಿ. ತಿಂಗಳಿಗೊಂದು ಸಲ ಸ್ವಲ್ಪ ಸ್ವಲ್ಪ ಇಳಿಸುತ್ತಾ ಹೋದರೆ ಆ ಮನೆಗೆ ಏನೋ ಕಾಯಿಲೆ ಇದೆ ಅಂತ ಬೀದಿಗೆಲ್ಲ ಸುದ್ದಿಯಾಗುತ್ತದೆ. ಈಗಂತೂ ಫೋನಿನಲ್ಲಿ ಫೋಟೋ ಹಾಕುತ್ತೀರಿ. ಒಂದೇ ಫೋಟೋ ಯುಗಾದಿಯಿಂದ ದೀಪಾವಳಿವರೆಗೂ ಕಣ್ಣಿಗೆ ಬೀಳುತ್ತಿದ್ದರೆ ಅದನ್ನು ನೋಡಿದವರು ಮನೆಯನ್ನು ನೋಡಲು ಬರುವುದಿಲ್ಲ.

ವೀರಭದ್ರಪ್ಪನವರು ಬೆಲೆಯಲ್ಲಿ ಹಟ ಮಾಡಲಿಲ್ಲ. ಅವರ ತೊಂದರೆ ಬೇರೆ. ಮೊದಲ ಭಾನುವಾರ ಗಿರಾಕಿಗಳನ್ನು ಕರೆದುಕೊಂಡು ಹೋದೆ. ಒಳಗೆ ಕಾಲಿಡುತ್ತಿದ್ದ ಹಾಗೆ ತುಪ್ಪದ ವಾಸನೆ. ಜಮಖಾನ ಹಾಸಿದೆ. ಬೆಳ್ಳಿ ಲೋಟ ಹೊರಗೆ ಬಂದಿವೆ. ಉಪ್ಪಿಟ್ಟು, ಕೇಸರಿಬಾತು. ಹೆಣ್ಣು ನೋಡುವ ಶಾಸ್ತ್ರವೇ. ಬಂದವರು ಗಂಡಿನ ಕಡೆಯವರ ಹಾಗೆ ಸಾಲಾಗಿ ಕೂತರು, ತಿಂದರು, ಇನ್ನೊಂದು ಚೂರು ಹಾಕಿಸಿಕೊಂಡರು. ಯಜಮಾನರು ಪಂಚೆ ಸರಿ ಮಾಡಿಕೊಂಡು ಅವರ ಊರು, ಮನೆದೇವರು, ಮಕ್ಕಳ ಓದು, ಎಲ್ಲ ವಿಚಾರಿಸಿದರು. ಬಚ್ಚಲು ಎಲ್ಲಿದೆ ಅಂತ ಯಾರೂ ಕೇಳಲಿಲ್ಲ. ಕೈ ತೊಳೆದುಕೊಂಡು, ಬಹಳ ಸಂತೋಷ ಆಯ್ತು ಅಂತ ಹೊರಟುಹೋದರು. ಮತ್ತೆ ಫೋನ್ ಎತ್ತಲಿಲ್ಲ.

ಆ ಹುಡುಗಿ ಕೇಳಿದ ಪ್ರಶ್ನೆಗೆ ಒಂದು ಉತ್ತರ ಇಲ್ಲಿದೆ. ಕೇಸರಿಬಾತು ತಿಂದ ಮೇಲೆ ಬೆಲೆ ಕಮ್ಮಿ ಮಾಡಿ ಅಂತ ಕೇಳಲು ನಮ್ಮ ಜನಕ್ಕೆ ಬಾಯಿ ಬರುವುದಿಲ್ಲ. ಸೂರು ಸೋರುತ್ತಾ ಅಂತ ಕೇಳಿದರೆ ಹೆಣ್ಣಿಗೆ ಮೆಳ್ಳೆಗಣ್ಣಾ ಅಂತ ಕೇಳಿದ ಹಾಗೆ. ಕೇಳಲಾಗದ್ದನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು ಹೋಗುತ್ತಾರೆ, ಸಂಕೋಚಕ್ಕೆ ಫೋನ್ ಎತ್ತುವುದಿಲ್ಲ. ಆದ್ದರಿಂದ ಮನೆ ತೋರಿಸುವಾಗ ಮಾಲೀಕರನ್ನು ದೇವಸ್ಥಾನಕ್ಕೋ ಪಾರ್ಕಿಗೋ ಕಳಿಸಿಬಿಡಿ. ನೀರು ಕೇಳಿದರೆ ನೀರು ಕೊಡಿ, ಸಾಕು.

ಯಜಮಾನರಿಗೆ ಇದನ್ನು ಹೇಳಿದೆ. ಉಪ್ಪಿಟ್ಟು ನಿಲ್ಲಿಸಲು ಒಪ್ಪಿದರು. ಮುಂದಿನ ವಾರ ಕೋಡುಬಳೆ ಇತ್ತು. ಪಾರ್ಕಿಗೆ ಹೋಗಿ ಅಂದರೆ ಮಂಡಿ ನೋವು ಅಂದರು.

ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ನಮ್ಮ ಕಡೆ ಯಾರೂ ಅಗ್ರಿಮೆಂಟ್ ಮಾಡಿಕೊಳ್ಳುವುದಿಲ್ಲ, ಬ್ರೋಕರುಗಳೆಲ್ಲ ಊರು ತಿರುಗಲು ಹೋಗುತ್ತಾರೆ. ನಾನು ಮಾತ್ರ ಆ ತಿಂಗಳು ಚಪ್ಪಲಿ ಸವೆಸುತ್ತಿದ್ದೆ. ಕೊಳ್ಳುವವರಿಗೆ ಆಷಾಢದಷ್ಟು ಒಳ್ಳೇ ಕಾಲ ಇಲ್ಲ. ಮಳೆ ಹಿಡಿದಿರುತ್ತದೆ, ಯಾವ ಗೋಡೆ ಬೆವರುತ್ತದೆ, ಬೀದಿಯ ನೀರು ಎಲ್ಲಿ ನಿಲ್ಲುತ್ತದೆ ಎಲ್ಲ ಕಣ್ಣಿಗೇ ಕಾಣುತ್ತದೆ. ಮಾಲೀಕರೂ ಸ್ವಲ್ಪ ಮೆತ್ತಗಾಗಿರುತ್ತಾರೆ. ನೋಡುವುದಕ್ಕೆ ಯಾವ ಶಾಸ್ತ್ರವೂ ಅಡ್ಡ ಬರುವುದಿಲ್ಲ, ಸಹಿ ಶ್ರಾವಣದಲ್ಲಿ ಹಾಕಿದರಾಯಿತು. ಹಾಗೆ ಒಂದು ಮಳೆಯ ದಿನ ಕರೆದುಕೊಂಡು ಹೋದವರೇ ದಿವಾಕರ್ ಮೇಷ್ಟ್ರು ಮತ್ತು ಅವರ ಹೆಂಡತಿ.

ಅವರಂಥ ಗಿರಾಕಿ ಸಿಕ್ಕರೆ ಬಿಡಬೇಡಿ. ತಮ್ಮ ಹಳೆಯ ಫ್ಲಾಟನ್ನು ಮೊದಲು ಮಾರಿ, ಬಾಡಿಗೆಗೆ ಕೂತು, ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡಿಸಿಕೊಂಡು ಆಮೇಲೆ ಮನೆ ಹುಡುಕಲು ಹೊರಟವರು. ಮಂದ ಕಾಲದಲ್ಲಿ ಇದೇ ಸರಿಯಾದ ಕ್ರಮ. ಹೊಸದನ್ನು ಮೊದಲು ಒಪ್ಪಿಕೊಂಡು ಹಳೆಯದು ಹೋಗದೆ ಎರಡರ ಮಧ್ಯೆ ಸಿಕ್ಕಿಕೊಂಡು ಒದ್ದಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ. ಮೇಷ್ಟ್ರು ಹೆಚ್ಚು ಚೌಕಾಸಿಯನ್ನೂ ಮಾಡಲಿಲ್ಲ. ಸೂರಿನ ರಿಪೇರಿಗೆ ಇಷ್ಟು ಬಿಡಿ, ಉಳಿದದ್ದು ನಿಮ್ಮ ಮಾತೇ ಆಗಲಿ ಅಂದರು. ಷಡಕ್ಷರಿ ಫೋನಿನಲ್ಲೇ ಒಪ್ಪಿದ. ಯಜಮಾನರು ಕೋಡುಬಳೆ ತಟ್ಟೆ ಅವರ ಕಡೆ ಸರಿಸಿ, ಆಗಲಿ, ನಿಮ್ಮ ತಾಯಿಯವರನ್ನ ಒಂದ್ಸಲ ಕರ್ಕೊಂಡ್ಬಂದು ತೋರಿಸ್ಬಿಡಿ ಅಂದರು. ಹಿರಿಯರ ಒಪ್ಪಿಗೆ ಇರಲಿ ಅಂತ.

ಮುಂದಿನ ಭಾನುವಾರ ತಾಯಿ ಬಂದರು, ಒಪ್ಪಿದರು. ಮೇಷ್ಟ್ರ ಮಾವನವರು ನೋಡಬೇಡವೇ ಅಂದರು ಯಜಮಾನರು. ಅದರ ಮುಂದಿನ ಭಾನುವಾರ ಮಾವ ಬಂದರು. ಆಮೇಲೆ ಮೇಷ್ಟ್ರ ಅಕ್ಕ. ಶ್ರಾವಣ ಬಂತು. ಗೌರಿ ಗಣೇಶ ಕಳೆಯಲಿ ಅಂದರು ಯಜಮಾನರು. ಕಳೆಯಿತು. ಮನೆಗೆ ವಾಸ್ತು ನೋಡುವವರು ಯಾರೂ ಇಲ್ಲವೇ ನಿಮ್ಮ ಕಡೆ ಅಂತ ಕೇಳಿದರು. ಮಾರುವವರೇ ವಾಸ್ತುವಿನವರನ್ನು ಕರೆಸಿ ಅಂದದ್ದನ್ನು ನಾನು ಈ ಜನ್ಮದಲ್ಲಿ ಕೇಳಿರಲಿಲ್ಲ. ಮೇಷ್ಟ್ರ ಹೆಂಡತಿ ಗೇಟಿನ ಹತ್ತಿರ ನನ್ನ ಕೈ ಹಿಡಿದುಕೊಂಡು, ನಮ್ಮನೇಲಿ ಇನ್ಯಾರೂ ಉಳಿದಿಲ್ಲ ಲಲಿತಮ್ಮ, ನಾಯಿ ಒಂದಿದೆ, ಅದನ್ನೂ ಕರ್ಕೊಂಡ್ಬರ್ಲಾ ಅಂದರು. ನಗುತ್ತಲೇ ಅಂದರು, ಆದರೆ ಬ್ಯಾಂಕಿನ ಗಡುವು ಮುಗಿಯುತ್ತಾ ಬಂದಿತ್ತು. ಬೇರೆ ಮನೆ ನೋಡಲು ಶುರು ಮಾಡಿದ್ದಾರೆ ಅಂತ ಅವರ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ನಾನು ಓಕಳಿಪುರಂಗೆ ಹೋದೆ. ಆ ಮೆಟ್ಟಿಲು ಹತ್ತುವಾಗ ನನಗೇ ಎರಡು ಕಡೆ ನಿಲ್ಲಬೇಕಾಯಿತು. ನಿರ್ಮಲಾ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದಳು, ಕೆಳಗೆ ರೈಲು ಹೋಗುತ್ತಿತ್ತು. ಯಾವ ರೈಲು ಎಲ್ಲಿಗೆ ಅಂತ ಅವಳಿಗೆ ಬಾಯಿಪಾಠ. ಅಷ್ಟು ದೊಡ್ಡ ಮನೆ ಶಂಕರಪುರಂನಲ್ಲಿದೆ, ಭಾವನವರು ಒಬ್ಬರೇ ಇದ್ದಾರೆ, ಮಾರಾಟ ಆಗುವ ತನಕ ಅಲ್ಲೇ ಹೋಗಿ ಇರಬಾರದೇ ಅಂತ ಕೇಳಿದೆ. ಎಲ್ಲರಿಗೂ ಹೊಳೆಯುವ ಮಾತು ಅದು.

"ಆ ಮನೆಯಿಂದ ನಾವು ಟ್ರಂಕು ಹೊತ್ಕೊಂಡು ಹೊರಟಾಗ ಇರಿ ಅಂತ ಒಬ್ಬರೂ ಅನ್ಲಿಲ್ಲ ಕಣ್ರೀ. ಈಗ ಮೆಟ್ಟಿಲು ಹತ್ತಕ್ಕಾಗಲ್ಲ ಅಂತ ಹೋಗಿ ಅವರ ಮುಂದೆ ನಿಂತ್ಕೊಳ್ಲಾ?" ಅಂದಳು. ಸಿಟ್ಟಿನಿಂದ ಅಲ್ಲ. ಆಮೇಲೆ, ಶ್ರಾವಣದಲ್ಲಿ ಹೊಸ ಮನೆ ಅಂತ ಇವರು ಅಂದಿದ್ರು, ಅಂತ ಕಿಟಕಿಯ ಕಡೆ ತಿರುಗಿದಳು.

ಅಲ್ಲಿಂದ ನೇರ ಶಂಕರಪುರಂಗೆ ಹೋದೆ, ಹೇಳದೆ ಕೇಳದೆ. ವಾರದ ಮಧ್ಯ. ಯಜಮಾನರು ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ನೋಡಿದ ತಕ್ಷಣ ಎದ್ದು ನನ್ನ ಹಿಂದೆ ಬೀದಿಯನ್ನು ನೋಡಿದರು. ಯಾರೂ ಇಲ್ವಾ ಅಂದರು. ಒಳಗೆ ಜಮಖಾನ ಆಗಲೇ ಹಾಸಿತ್ತು. ಭಾನುವಾರಕ್ಕೆ ಇನ್ನೂ ಮೂರು ನಾಲ್ಕು ದಿನ ಇತ್ತು. ಮಾತಿನಲ್ಲಿ ಮಾತು ಬಂದು ಒಂದೊಂದೇ ವಿಷಯ ಹೊರಗೆ ಬಿತ್ತು. ಮೊದಲ ವಾರ ಬಂದವರ ಮಗಳು ಪರೀಕ್ಷೆಯಲ್ಲಿ ಪಾಸಾಗಿದ್ದಾಳೆ, ಮೇಷ್ಟ್ರ ತಾಯಿಗೆ ಸಕ್ಕರೆ ಕಾಯಿಲೆ, ಅವರಿಗೆ ಬೇರೆ ಕಾಫಿ ಮಾಡಬೇಕು, ಮಾವನವರು ರೇಷ್ಮೆ ವಿಷಯ ಚೆನ್ನಾಗಿ ಬಲ್ಲರು, ಅವರ ಹತ್ತಿರ ಇನ್ನೂ ಮಾತಾಡುವುದಿದೆ. ನಾನು ಕರೆದುಕೊಂಡು ಬಂದು ಮರೆತವರನ್ನೆಲ್ಲ ಅವರು ನೆನಪಿಟ್ಟುಕೊಂಡಿದ್ದರು.

ಬಾಯಿ ಮುಚ್ಚಿಕೊಂಡಿರು ಅಂತ ಸೀತಾರಾಮಯ್ಯನವರು ಕಲಿಸಿದ್ದನ್ನು ಆವತ್ತು ನಾನು ಪಾಲಿಸಲಿಲ್ಲ.

"ಯಜಮಾನ್ರೆ, ನೀವು ಮನೆ ಮಾರ್ತಿಲ್ಲ. ಜನ ಕರೆಸ್ಕೊತಿದೀರ."

ಅವರು ಬಗ್ಗಿ ಜಮಖಾನದ ಅಂಚನ್ನು ನೇರ ಮಾಡಿದರು. ಅಂಗಡಿಯಲ್ಲಿ ಬೆಳಗಿಂದ ಸಂಜೆವರೆಗೂ ಜನ ಬರ್ತಿದ್ರು, ಅಂದರು. ಕೊಳ್ಳದೆ ಹೋದವರೇ ಜಾಸ್ತಿ, ಆದರೂ ಕೂತು ಹೋಗ್ತಿದ್ರು. ಆಮೇಲೆ ತೀರ ಮೆಲ್ಲಗೆ ಕೇಳಿದರು.

"ಇದೂ ಮಾರ್ಬಿಟ್ರೆ, ಭಾನುವಾರ ಯಾರ್ ಬರ್ತಾರೆ ಲಲಿತಮ್ಮನೋರೆ?"

ನನ್ನ ಮನೆಗೂ ಯಾರೂ ಬರುತ್ತಿರಲಿಲ್ಲ, ಆದರೆ ನನ್ನ ಬ್ಯಾಗಿನಲ್ಲಿ ಊರಿನವರ ಮನೆಯ ಬೀಗದ ಕೈಗಳಿದ್ದವು, ಅವು ಇರುವ ತನಕ ಅದು ನನಗೆ ಗೊತ್ತಾಗಿರಲಿಲ್ಲ. ಬುದ್ಧಿ ಹೇಳುವ ಬದಲು ಒಂದು ಕಿತಾಪತಿ ಮಾಡಿದೆ. ಮಾರಿದ ಮೇಲೆ ನಿಮಗೂ ಒಂದು ಸಣ್ಣ ಮನೆ ಬೇಕಲ್ಲ, ಒಂದು ಕಡೆ ನೋಡಿಟ್ಟಿದ್ದೀನಿ, ಈ ಭಾನುವಾರ ನೀವೇ ಗಿರಾಕಿ, ಬನ್ನಿ ಅಂದೆ. ಮುಖ ಅರಳಿತು. ಮಂಡಿ ನೋವಿನ ಮಾತೇ ಬರಲಿಲ್ಲ. ಇಸ್ತ್ರಿ ಮಾಡಿದ ಪಂಚೆ, ಶಲ್ಯ ಹಾಕಿಕೊಂಡು ಆಟೋ ಹತ್ತಿದರು.

ಓಕಳಿಪುರಂ ಅಂತ ಗೊತ್ತಾದಾಗ ನನ್ನ ಕಡೆ ಒಂದು ಸಲ ನೋಡಿದರು. ತಮ್ಮ ಇರುವುದು ಆ ಕಡೆ ಅಂತ ತಿಳಿದಿತ್ತು, ಯಾವ ಕಟ್ಟಡ ಅಂತ ತಿಳಿದಿರಲಿಲ್ಲ. ನಾನು ಮುಂದೆ ಹತ್ತಿದೆ. ಮೊದಲ ಮಹಡಿಯಲ್ಲಿ ಅವರು ಗೋಡೆ ಹಿಡಿದುಕೊಂಡರು. ಎರಡನೆಯದರಲ್ಲಿ ಮೆಟ್ಟಿಲ ಮೇಲೇ ಕೂತುಬಿಟ್ಟರು. ಇಂಥ ಮನೆ ಯಾಕೆ ತೋರಿಸ್ತಿದೀರಿ, ಇಲ್ಲಿ ವಯಸ್ಸಾದೋರು ಇರಕ್ಕಾಗತ್ತಾ ಅಂತ ರೇಗಿದರು. ಇನ್ನೊಂದೇ ಮಹಡಿ, ಬನ್ನಿ ಅಂದೆ.

ಬಾಗಿಲು ತೆಗೆದವನು ಷಡಕ್ಷರಿ. ಅಣ್ಣ ಅಂದ, ಅಷ್ಟೇ. ನಿರ್ಮಲಾ ಕುರ್ಚಿಯ ಕೈ ಹಿಡಿದು ಏಳಲು ಹೋದಳು, ಏಳಲಾಗಲಿಲ್ಲ. ಮೆಟ್ಟಿಲು ಹತ್ತಿಬಂದ ಯಜಮಾನರ ಏದುಸಿರು ಇನ್ನೂ ನಿಂತಿರಲಿಲ್ಲ. ಷಡಕ್ಷರಿ ಕಾಫಿ ಮಾಡಿಕೊಂಡು ಬಂದ, ಮೂರೂ ಜನ ರೈಲು ನೋಡುತ್ತಾ ಕುಡಿದರು. ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಹೊರಡುವಾಗ ಯಜಮಾನರು ನಿರ್ಮಲಾಗೆ, ಇಳಿದು ಎಷ್ಟು ದಿನ ಆಯ್ತಮ್ಮ ಅಂತ ಕೇಳಿದರು. ಅವಳು, ಮರ್ತುಹೋಗಿದೆ ಭಾವ ಅಂದಳು.

ಅವರು ಗೋಡೆ ಹಿಡಿದುಕೊಂಡೇ ಮೂರು ಮಹಡಿ ಇಳಿದರು. ಆಟೋದಲ್ಲಿ ಕೂತ ಮೇಲೆ, ಆ ಮೇಷ್ಟ್ರಿಗೆ ಫೋನ್ ಮಾಡಿ ಅಂದರು. ಹಿರಿಯರು ಇನ್ಯಾರಾದರೂ ನೋಡಬೇಕಾ ಅಂತ ಕೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ತಡೆದುಕೊಂಡೆ.

ಮನೆ ಹೋಯಿತು. ನಿರ್ಮಲಾ ಚಾಮರಾಜಪೇಟೆಯಲ್ಲಿ ನೆಲದಂತಸ್ತಿಗೆ ಬಂದಳು. ಕೋಲು ಹಿಡಿದು ಸೊಪ್ಪು ತರಲು ಹೋಗುವುದನ್ನು ನಾನೇ ಕಣ್ಣಾರೆ ಕಂಡೆ. ಯಜಮಾನರಿಗೆ ಬಸವನಗುಡಿಯಲ್ಲಿ ಒಂದು ಕೋಣೆಯ ಮನೆ ಸಿಕ್ಕಿತು. ತಮ್ಮನ ಮನೆಗೆ ಹಬ್ಬಕ್ಕೆ ಹೋಗುತ್ತಿದ್ದರು, ಹಬ್ಬ ವರ್ಷಕ್ಕೆ ಎಷ್ಟು ಬರುತ್ತವೆ. ಮೇಷ್ಟ್ರು ಗೃಹಪ್ರವೇಶಕ್ಕೆ ಕರೆದಿದ್ದರು. ಹಾಲು ಉಕ್ಕುವಾಗ ಇವರು ಜಗಲಿಯ ಮೇಲೆ ಬಂದವರ ಜೊತೆ ಸಾಲಿನಲ್ಲಿ ಕೂತಿದ್ದರು.

ಆಮೇಲೆ ನಾನೂ ಕೆಲಸ ಬಿಟ್ಟೆ. ಕಣ್ಣು ಮಂಜಾಯಿತು, ಮಂಡಿ ಹೋಯಿತು. ಬೀಗದ ಕೈಗಳನ್ನೆಲ್ಲ ಅವರವರಿಗೆ ಕೊಟ್ಟೆ. ಇನ್ನು ನೆಮ್ಮದಿ ಅಂತ ಎಲ್ಲರೂ ಅಂದರು. ಸೋಮವಾರದಿಂದ ಶನಿವಾರದವರೆಗೆ ಹೇಗೋ ಆಗುತ್ತದೆ, ತರಕಾರಿ, ಡಾಕ್ಟರು, ದೇವಸ್ಥಾನ. ಭಾನುವಾರ ಬೆಳಗ್ಗೆ ಮಾತ್ರ ಕಾಲು ತಾವಾಗಿಯೇ ಚಪ್ಪಲಿ ಹುಡುಕುತ್ತವೆ. ಒಂದು ಭಾನುವಾರ ಚಾಮರಾಜಪೇಟೆಯ ಒಂದು ಗೇಟಿನಲ್ಲಿ ಮಾರಾಟಕ್ಕಿದೆ ಅನ್ನುವ ಬೋರ್ಡ್ ಕಂಡಿತು. ಒಳಗೆ ಹೋದೆ. ಮನೆ ನೋಡಬಹುದಾ ಅಂದೆ. ತೋರಿಸಿದರು, ಮಾತಾಡಿಸಿದರು. ಅದರ ಮುಂದಿನ ವಾರ ಇನ್ನೊಂದು. ಹೀಗೆ ಸುಮಾರು ಮನೆ ನೋಡಿದೆ. ಕೊಳ್ಳುವ ಹಾಗೆ ಗಂಭೀರವಾಗಿ ನಲ್ಲಿ ತಿರುಗಿಸುವುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಕಳೆದ ತಿಂಗಳು ಬಸವನಗುಡಿಯ ಒಂದು ಮನೆಯ ಬೆಲ್ ಒತ್ತಿದೆ. ಮನೆ ಮಾರುತ್ತಿದ್ದವಳು ನನಗೊಬ್ಬಳು ಮಗಳಿದ್ದಿದ್ದರೆ ಅವಳ ವಯಸ್ಸಿನವಳು. ಒಳಗೆ ಹೋದರೆ ಸೋಫಾದ ಮೇಲೆ ವೀರಭದ್ರಪ್ಪನವರು. ಇಸ್ತ್ರಿ ಪಂಚೆ, ಶಲ್ಯ, ಕೈಯಲ್ಲಿ ಕಾಫಿ ಲೋಟ. ನಮ್ಮ ತಮ್ಮನನ್ನೂ ಒಂದ್ಸಲ ಕರ್ಕೊಂಡ್ಬಂದು ತೋರಿಸ್ತೀನಿ ಅಂತ ಹೇಳುತ್ತಿದ್ದರು. ನನ್ನನ್ನು ನೋಡಿ ಲೋಟ ಬಾಯಿಯ ಹತ್ತಿರವೇ ನಿಂತಿತು. ನಾನು ಪರಿಚಯ ಇಲ್ಲದವಳ ಹಾಗೆ ಎದುರಿನ ಕುರ್ಚಿಯಲ್ಲಿ ಕೂತೆ. ನನಗೂ ಕಾಫಿ ಬಂತು. ಅದನ್ನು ಕೊಡುವಾಗ ಆ ಮನೆಯವಳು ನಮ್ಮಿಬ್ಬರ ಮುಖವನ್ನೂ ಒಂದೊಂದಾಗಿ ನೋಡಿದಳು. ಇವರಲ್ಲಿ ಯಾರಾದರೂ ತೆಗೆದುಕೊಂಡಾರು ಅನ್ನುವ ಆಸೆ. ಆ ನೋಟವನ್ನು ನಾನು ಎಷ್ಟು ಮಾಲೀಕರ ಮುಖದಲ್ಲಿ ನೋಡಿಲ್ಲ. ಗಂಡನಿಗೆ ವರ್ಗವಾಗಿದೆ, ಅವರು ಆಗಲೇ ಆ ಊರಿನಲ್ಲಿದ್ದಾರೆ, ಮನೆ ಹೋಗದೆ ತಾನಿಲ್ಲಿ ಕಾಯುತ್ತಿದ್ದೇನೆ ಅಂದಳು. ಭಾನುವಾರವಾದರೆ ಜನ ಬರ್ತಾರೆ ಆಂಟಿ, ಆಮೇಲೆ ಫೋನೇ ಮಾಡಲ್ಲ ಅಂದಳು.

ಲೋಟ ಕೆಳಗಿಟ್ಟೆ.

"ಇಲ್ಲಮ್ಮ, ನಾವಿಬ್ರೂ ತೊಗೊಳ್ಳೋರಲ್ಲ. ಸುಮ್ನೆ ಬಂದಿದ್ದು. ನೀನು ನಮ್ಮನ್ನ ಲೆಕ್ಕಕ್ಕೆ ಇಟ್ಕೋಬೇಡ."

ಯಜಮಾನರು ತಲೆ ತಗ್ಗಿಸಿದರು. ಅವಳು ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ. ಬಂದ ತಪ್ಪಿಗೆ ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಹಾಲ್‌ನ ಕಿಟಕಿಗೆ ಅಡ್ಡವಾಗಿರುವ ಬೀರು ತೆಗೆಸು, ಬೆಳಗಿನ ಹೊತ್ತೇ ತೋರಿಸು, ಬೀಗ ಹಾಕಿಟ್ಟ ಹಿಂದಿನ ಕೋಣೆ ತೆಗೆದಿಡು, ಬೀಗ ಕಂಡರೆ ಜನಕ್ಕೆ ಅನುಮಾನ. ಗಂಡನ ಸಹಿ ಬೇಕಾಗುತ್ತದೆ, ಅವನು ಬರುವ ದಿನವನ್ನು ಈಗಲೇ ಗೊತ್ತು ಮಾಡಿಕೋ, ಇಲ್ಲದಿದ್ದರೆ ಯಾರ ಹೆಸರಿಗಾದರೂ ಅಧಿಕಾರ ಪತ್ರ ಮಾಡಿಸಿಡು. ಅವಳು ಫೋನಿನಲ್ಲಿ ಬರೆದುಕೊಂಡಳು, ನನಗಿಂತ ಬೇಗ ಬೇಗ. ಗೇಟಿನವರೆಗೂ ಬಂದು, ಬನ್ನಿ ಆಂಟಿ ಅಂತ ಬಾಯಿಮಾತಿಗೆ ಅಂದು ಬಾಗಿಲು ಹಾಕಿಕೊಂಡಳು.

ನಾನೂ ಯಜಮಾನರೂ ಫುಟ್‌ಪಾತಿನ ಮೇಲೆ ನಿಂತೆವು. ಇದು ಒಂದು ಒಳ್ಳೇ ಮನೆಯಾಗಿತ್ತು, ಇಲ್ಲಿಗೆ ಇನ್ನೂ ಒಂದೆರಡು ಸಲ ಬರಬಹುದಿತ್ತು, ಹಾಳು ಮಾಡಿಬಿಟ್ರಿ ಅಂದರು. ಹೂಂ, ಮಾಡಿಬಿಟ್ಟೆ ಅಂದೆ. ಎಷ್ಟು ಮನೆ ನೋಡಿದ್ದೀರಿ ಅಂತ ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮನೆಗೆ ಬನ್ನಿ ಅಂತಲೂ ಇಬ್ಬರೂ ಅನ್ನಲಿಲ್ಲ. ಕರೆಯುವ ಅಭ್ಯಾಸ ತಪ್ಪಿಹೋಗಿರುತ್ತದೆ.

ಒಂದು ಆಟೋ ಬಂತು, ನಿಧಾನ ಮಾಡಿತು, ನಮ್ಮಿಬ್ಬರನ್ನೂ ನೋಡಿ ಮುಂದಕ್ಕೆ ಹೋಯಿತು. ಬಿಸಿಲು ಇನ್ನೂ ಎಳೆಯದಿತ್ತು, ಇಡೀ ಭಾನುವಾರ ಮುಂದೆ ಬಿದ್ದಿತ್ತು.

ಹೊರಡ್ತೀನಿ ಅಂದರು. ಸರಿ ಅಂದೆ. ಇಬ್ಬರೂ ನಿಂತೇ ಇದ್ದೆವು.